ಹೊಳೆಬಂಡೆಯ ಮೇಲೆ ಎರೆದ ಗುಂಡು

ನಮ್ಮೂರಿನಲ್ಲಿ ಗುರಿ ತಪ್ಪಿದ ಗುಂಡು ದೀಪ ಹಚ್ಚುವ ಹೊತ್ತಿಗೆ ಮನೆಗೆ ವಾಪಸು ಬರುತ್ತದೆ. ಹೊಡೆದವರ ಮನೆಗಲ್ಲ, ಅದನ್ನು ಎರಕ ಹೊಯ್ದ ಮನೆಗೆ. ಊರಿಗೆಲ್ಲ ತೋಟೆ ಮಾಡಿಕೊಡುವವಳು ನಾನೊಬ್ಬಳೇ ಆದ್ದರಿಂದ ಎಲ್ಲರ ತಪ್ಪಿದ ಈಡುಗಳೂ ಸಂಜೆ ನನ್ನ ಹೊಸ್ತಿಲಿಗೇ ಬಂದು ಬೀಳುತ್ತವೆ. ರಭಸವಾಗಿಯೇನೂ ಬರುವುದಿಲ್ಲ. ಮೇದು ದಣಿದ ದನದ ಹಾಗೆ ಬೀದಿಯ ಅಂಚು ಹಿಡಿದು ಉರುಳಿಕೊಂಡು ಬಂದು, ಮೆಟ್ಟಿಲು ಹತ್ತಿ, ಬಾಗಿಲಿಗೆ ಒಂದು ಸಲ ಬಡಿದು ಸುಮ್ಮನಾಗುತ್ತವೆ. ಅದಕ್ಕೆಂದೇ ಹೊಸ್ತಿಲ ಮುಂದೆ ಒಂದು ಹಿತ್ತಾಳೆ ಪರಾತ ಇಟ್ಟಿದ್ದೇನೆ. ಸಂಜೆ ಜಗಲಿಯ ಮೇಲೆ ಕಾಲು ಚಾಚಿ ಕೂರಬೇಡಿ ಎಂದು ಬಂದ ನೆಂಟರಿಗೆ ಮೊದಲೇ ಹೇಳಿಬಿಡುತ್ತೇನೆ. ನಮ್ಮನೆ ಕೋಳಿಗಳಿಗೆ ಅದನ್ನೂ ಹೇಳಬೇಕಾಗಿಲ್ಲ, ಹೊತ್ತು ಇಳಿಯುತ್ತಿದ್ದ ಹಾಗೆ ತಾವಾಗಿಯೇ ಹಿತ್ತಲ ದಾರಿ ಹಿಡಿಯುತ್ತವೆ.

ಪರಾತಕ್ಕೆ ಬಿದ್ದ ಗುಂಡು ಯಾರದೆಂದು ತಿಳಿಯುವುದು ಕಷ್ಟವಲ್ಲ. ನಮ್ಮಲ್ಲಿ ಒಂದು ಮನೆಗೆ ಒಂದೇ ಬಗೆಯ ತೋಟೆ. ಹಿತ್ತಾಳೆ ಕೊಳವೆ, ಅದರ ಬುಡದಲ್ಲಿ ಕಿಡಿ ಹಾರಿಸುವ ಕೇಪು, ಒಳಗೆ ಮದ್ದು, ಬಾಯಿಗೆ ಸೀಸದ ಗುಂಡು, ಇಷ್ಟೇ ತೋಟೆ ಎಂದರೆ. ಆದರೆ ಕೊಳವೆ ಎಷ್ಟು ಉದ್ದ, ಗುಂಡು ಎಷ್ಟು ಭಾರ, ಅದರ ಮೂಗು ಮೊನಚೋ ಮೊಂಡೋ ಎಂಬುದೆಲ್ಲ ಆ ಮನೆಯವರ ಕೈ ಕಣ್ಣು ನೋಡಿ ನಾನು ಮಾಡುವ ಲೆಕ್ಕಾಚಾರ. ಹಂದಿ ಬೇಟೆಗೂ ಅದೇ ತೋಟೆ, ಕೆರೆಯಾಚೆ ದಡದಲ್ಲಿ ತೆಂಗಿನಕಾಯಿ ಇಟ್ಟು ಹೊಡೆಯುವ ಪಂದ್ಯಕ್ಕೂ ಅದೇ. ಗುಂಡಿನ ಬುಡದಲ್ಲಿ ಆ ಮನೆಯ ಗುರುತು ಇರುತ್ತದೆ, ಅದೇ ಗುರುತು ಅವರ ಬಾಗಿಲ ಚೌಕಟ್ಟಿನ ಮೇಲೂ ಕೆತ್ತಿರುತ್ತದೆ. ಹಾಗಾಗಿ ಯಾರು ಏನು ತಪ್ಪಿದರು ಎಂಬುದೆಲ್ಲ ನನಗೆ ಗೊತ್ತು. ಗೊತ್ತಿದ್ದರೂ ಬಾಯಿ ಬಿಡುವ ಹಾಗಿಲ್ಲ, ಅದು ಈ ಕಸುಬಿನ ಕಟ್ಟು. ನನ್ನ ನಾಲಗೆ ಅಷ್ಟೇನೂ ಸೌಮ್ಯವಲ್ಲ, ಊರಿಗೇ ಗೊತ್ತಿರುವ ಮಾತು ಅದು. ಆದರೂ ಈ ಒಂದು ವಿಷಯದಲ್ಲಿ ನಾನು ಕಲ್ಲು.

ತಿದಿ ಒತ್ತುವುದು, ಸೀಸ ಕಾಯಿಸುವುದು, ಅಚ್ಚಿಗೆ ಎರೆಯುವುದು ನನ್ನ ಗಂಡ ಚೌಡಪ್ಪನ ಕೆಲಸ. ಎತ್ತರದ ಆಳು, ದೊಡ್ಡ ಮೀಸೆ, ಹೊಸದಾಗಿ ನೋಡಿದವರು ಹೆದರಬೇಕು. ಹತ್ತಿರದಿಂದ ನೋಡಿದರೆ ಕೋಳಿ ಕೊಯ್ಯುವಾಗ ಹಿತ್ತಲಿಗೆ ಹೋಗಿ ನಿಲ್ಲುವ ಮನುಷ್ಯ. ಯಾರಾದರೂ ಕಣ್ಣಲ್ಲಿ ನೀರು ಹಾಕಿದರೆ ಸಾಕು, ಇವರಿಗೆ ಊಟ ಸೇರುವುದಿಲ್ಲ. ಈ ಮೆತ್ತನೆಯ ಮನಸ್ಸಿನಿಂದ ನಾನು ಪಟ್ಟ ಪಾಡು ಒಂದೆರಡಲ್ಲ. ಈಗ ಹೇಳಹೊರಟಿರುವುದೂ ಅಂಥದೇ ಒಂದು.

ನನ್ನ ತಂಗಿಯ ಮಗಳು ಬಂಗಾರಿ. ಕೆರೆ ಪಂದ್ಯದಲ್ಲಿ ಅವಳನ್ನು ಮೀರಿಸುವ ಈಡುಗಾರರು ನಮ್ಮೂರಿನಲ್ಲಿ ಇರಲಿಲ್ಲ. ಕಡ್ಡಿಯಂಥ ಹುಡುಗಿ, ಕೋವಿ ಹಿಡಿದು ನಿಂತರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ನೋಡುವವರಿಗೇ ಗಾಬರಿಯಾಗಬೇಕು. ಬೂದ್ಯಪ್ಪ ಊರ ಗೆಣಸಿನ ಹೊಲಗಳಿಗೆ ಹಂದಿ ಬೀಳದ ಹಾಗೆ ಕಾಯುವವನು. ಪಂದ್ಯದ ದಿನ ಆಚೆ ದಡದಲ್ಲಿ ತೆಂಗಿನಕಾಯಿ ಇಡುವ ಕೆಲಸವೂ ಅವನದೇ. ಬೇರೆಯವರು ಹೊಡೆಯುವಾಗ ದಿಬ್ಬದ ಹಿಂದೆ ಅಡಗಿ ಕೂರುತ್ತಿದ್ದವನು ಬಂಗಾರಿಯ ಸರದಿ ಬಂದಾಗ ಮಾತ್ರ ಕಾಯಿಯ ಪಕ್ಕದಲ್ಲೇ ಬೀಡಿ ಹಚ್ಚಿಕೊಂಡು ನಿಂತಿರುತ್ತಿದ್ದ. ಇನ್ನೇನು ಬೇಕು ಹೇಳಿ. ಇಡೀ ಊರಿಗೆ ವಿಷಯ ತಿಳಿಯಿತು, ಎರಡು ಮನೆಯವರೂ ಒಪ್ಪಿದರು.

ಒಪ್ಪಿದ ಮಾತ್ರಕ್ಕೆ ಮದುವೆ ಆಗಿಬಿಡುವುದಿಲ್ಲ. ಹೊಸ ಸಂಸಾರಕ್ಕೆ ಹೊಸ ತೋಟೆ ಆಗಬೇಕು. ಆ ತೋಟೆಯಿಂದ ಗಂಡು ಹೆಣ್ಣು ಇಬ್ಬರೂ ಊರವರ ಎದುರು ಒಂದೊಂದು ಈಡು ಹೊಡೆಯುವ ಶಾಸ್ತ್ರವಾಗಬೇಕು. ಅದೂ ಅದಲುಬದಲು ಮಾಡಿ. ಪಂದ್ಯದವಳು ಬೇಟೆಯ ಗುರಿ ಹೊಡೆಯಬೇಕು, ಬೇಟೆಯವನು ಪಂದ್ಯದ ಗುರಿ. ಬಂಗಾರಿಗೆ ಹಗ್ಗ ಕಟ್ಟಿ ಇಳಿಜಾರಿನಲ್ಲಿ ಎಳೆದುಕೊಂಡು ಹೋಗುವ ಹುಲ್ಲಿನ ಹಂದಿ, ಬೂದ್ಯಪ್ಪನಿಗೆ ಕೆರೆಯಾಚೆಯ ತೆಂಗಿನಕಾಯಿ. ಕಾಯಿ ಒಡೆದರೆ ಎಲ್ಲರಿಗೂ ಕಾಣುತ್ತದೆ. ಹುಲ್ಲಿನ ಹಂದಿಗೆ ತಾಗಿತೋ ಇಲ್ಲವೋ ಕಾಣುವುದಿಲ್ಲ, ಸಂಜೆಯವರೆಗೆ ಕಾಯಬೇಕು. ಎರಡರಲ್ಲಿ ಯಾವುದಾದರೂ ಒಂದು ಗುಂಡು ನನ್ನ ಪರಾತಕ್ಕೆ ಬಂದು ಬಿದ್ದರೆ ಮದುವೆ ಮುಂದಿನ ವರ್ಷಕ್ಕೆ. ಮೂರನೆಯ ಸಲವೂ ಬಂದರೆ ಆ ಜೋಡಿಯ ಮಾತು ಅಲ್ಲಿಗೆ ಮುಗಿಯಿತು, ಇಬ್ಬರೂ ಬೇರೆ ಬೇರೆ ಕಡೆ ನೋಡಿಕೊಳ್ಳಬೇಕು.

ಮೊದಲನೆಯ ವರ್ಷ ಬೂದ್ಯಪ್ಪ ನನ್ನ ಹತ್ತಿರ ಬಂದು, "ಲಿಂಗಕ್ಕಾ, ಗುಂಡು ಭಾರ ಇರ್ಲಿ. ಹಂದಿ ಚರ್ಮ ಅಂದ್ರೆ ಏನು ಅಂತ ನಿಂಗೆ ಗೊತ್ತಲ್ಲ" ಎಂದ. ಭಾರವಾಗಿಯೇ ಮಾಡಿಕೊಟ್ಟೆ. ಅವನು ಕಾಯಿ ಒಡೆದ. ಸಂಜೆ ಬಂಗಾರಿಯ ಗುಂಡು ಉರುಳಿಕೊಂಡು ಬಂತು. ಅವಳ ರವಿಕೆ ಸರಿಸಿ ನೋಡಿದರೆ ಹೆಗಲು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. "ದೊಡ್ಡಮ್ಮಾ, ಕೋವಿ ಕುದುರೆ ಎಳೆಯೋಕೆ ಮೊದ್ಲೇ ಹೆಗಲು ಹೆದರ್ತದೆ. ಹೆಗಲು ಹೆದರಿದ್ರೆ ಕಣ್ಣು ಮುಚ್ಚಿ ಹೋಗ್ತದೆ, ನಾನೇನು ಮಾಡ್ಲಿ" ಎಂದು ಅತ್ತಳು. ಅವಳ ಜೊತೆ ನನ್ನ ಗಂಡನೂ ಅತ್ತರು.

ಎರಡನೆಯ ವರ್ಷ ಗುಂಡು ಹಗುರ ಮಾಡಿದೆ. ಬಂಗಾರಿ ಹುಲ್ಲಿನ ಹಂದಿಯನ್ನು ಸಲೀಸಾಗಿ ಹೊಡೆದಳು. ಬೂದ್ಯಪ್ಪ ಹೊಡೆಯುವಾಗ ಕೆರೆಯ ಮೇಲೆ ಗಾಳಿ ಎದ್ದಿತು, ಹಗುರದ ಗುಂಡನ್ನು ಗಾಳಿ ತಳ್ಳಿಕೊಂಡು ಹೋಯಿತು, ಕಾಯಿ ಇದ್ದಲ್ಲೇ ಇತ್ತು. ಆದರೆ ಅವನಿಗೆ ಅದಕ್ಕಿಂತ ಹೆಚ್ಚು ನೋವು ತಂದದ್ದು ಬೇರೆ. ಶಾಸ್ತ್ರಕ್ಕೆ ಮುಂಚೆ ಕೈ ಕೂರಲಿ ಎಂದು ಅದೇ ತೋಟೆಯನ್ನು ಹೊಲ ಕಾಯುವಾಗ ಹಾಕಿಕೊಂಡಿದ್ದನಂತೆ. ಹೊಡೆದ ಗುಂಡು ಹಂದಿಗೆ ತಾಗಿತು, ಆದರೆ ಆಳಕ್ಕೆ ಇಳಿಯಲಿಲ್ಲ. ಗಾಯ ಹೊತ್ತುಕೊಂಡು ಅದು ಮುಳ್ಳುಪೊದೆ ಹೊಕ್ಕಿತು. ಗುರಿಗೆ ತಾಗಿದ್ದರಿಂದ ಗುಂಡೇನೂ ನನ್ನ ಪರಾತಕ್ಕೆ ಬರಲಿಲ್ಲ, ನನಗೆ ಗೊತ್ತೂ ಆಗಲಿಲ್ಲ. ಬೂದ್ಯಪ್ಪ ರಕ್ತದ ಜಾಡು ಹಿಡಿದು ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ, ಮಧ್ಯಾಹ್ನದವರೆಗೆ ಹುಡುಕಿ, ಇನ್ನೊಂದು ಈಡಿನಿಂದ ಅದರ ಸಂಕಟ ಮುಗಿಸಿ ಬಂದ. ಮೈಯೆಲ್ಲ ಗೀರು. ಶಾಸ್ತ್ರ ತಪ್ಪಿದ ಮೇಲೆ ನನ್ನ ಜಗಲಿಯ ಮೇಲೆ ಕೂತು, ನಾನು ಕೊಟ್ಟ ಮಜ್ಜಿಗೆಯನ್ನೂ ಮುಟ್ಟದೆ ಇದನ್ನೆಲ್ಲ ಹೇಳಿದ: "ಲಿಂಗಕ್ಕಾ, ಮದುವೆ ಆಗ್ದಿದ್ರೂ ಸೈ, ಹಗುರದ್ದು ಮಾತ್ರ ನಂಗೆ ಬ್ಯಾಡ. ಪ್ರಾಣಿ ಒಂದೇ ಸಲ ಸಾಯ್ಬೇಕು."

ಆ ಮಾತು ಕೇಳಿದ ಮೇಲೆ ಆ ಹುಡುಗನ ಮೇಲೆ ನನಗೆ ಹೊಟ್ಟೆಯಲ್ಲಿ ಹುಟ್ಟಿದ ಮಗನ ಮೇಲಿರುವಷ್ಟು ಪ್ರೀತಿ ಬಂತು. ಸಿಟ್ಟೂ ಬಂತು. ಅವನಿಗೆ ಭಾರ ಬೇಕು, ಅವಳಿಗೆ ಹಗುರ ಬೇಕು, ತೋಟೆ ಮಾತ್ರ ಒಂದೇ ಇರಬೇಕು, ಇನ್ನು ಉಳಿದಿರುವುದು ಒಂದೇ ಸಲ. ಎರಡರ ನಡುವಿನ ತೂಕದ್ದೊಂದನ್ನು ಮಾಡಿ ನೋಡಿದೆ. ಅದು ಇಬ್ಬರಿಗೂ ಆಗಿಬರಲಿಲ್ಲ. ಇವಳ ಹೆಗಲೂ ನೋಯಿತು, ಅವನ ಮನಸ್ಸೂ ಒಪ್ಪಲಿಲ್ಲ. ಕೆಲವು ತಿಂಗಳು ನಾನು ಎಲ್ಲರ ಮೇಲೂ ರೇಗುತ್ತಿದ್ದೆ, ಒಲೆಯ ಮೇಲಿನ ಸಾರಿಗೂ ಬೈಯುತ್ತಿದ್ದೆ.

ದಾರಿ ಸಿಕ್ಕಿದ್ದು ಎಲ್ಲೋ ಬೇರೆ ಕಡೆ. ಬೂದ್ಯಪ್ಪ ಕೆರೆಯ ಕೆಳಗೆ ಎರಡು ಕೋಣೆಯ ಮನೆ ಕಟ್ಟಿಸುತ್ತಿದ್ದ. ಒಂದು ದಿನ ನಾನು ಸೊಪ್ಪು ತರಲು ಆ ಕಡೆ ಹೋದಾಗ ಅವನೂ ಬಂಗಾರಿಯೂ ಮಾಡಿನ ತೊಲೆ ಹೊತ್ತುಕೊಂಡು ಬರುತ್ತಿದ್ದರು. ಅವನು ಮುಂದೆ, ಅವಳು ಹಿಂದೆ. ಹಸಿ ಮತ್ತಿ ಮರದ ತೊಲೆ, ಇಬ್ಬರು ಗಂಡಸರಿಗೇ ಭಾರ. ಆ ಕಡ್ಡಿ ಹುಡುಗಿ ಅದನ್ನು ಆ ನೋಯುವ ಹೆಗಲಿನ ಮೇಲೇ ಇಟ್ಟುಕೊಂಡು, ಅವನಿಗೆ ಏನೋ ತಮಾಷೆ ಹೇಳುತ್ತ, ನಗುತ್ತ ಬರುತ್ತಿದ್ದಳು! ನಾನು ಸೊಪ್ಪಿನ ಬುಟ್ಟಿ ಕೆಳಗಿಟ್ಟು ನೋಡುತ್ತ ನಿಂತೆ. ಭಾರಕ್ಕೆ ಹೆದರುವ ಹೆಗಲಲ್ಲ ಅದು, ಏಟಿಗೆ ಹೆದರುವ ಹೆಗಲು. ನಿಧಾನವಾಗಿ ಮೇಲೆ ಬಂದ ಭಾರವನ್ನು ಅದು ಹೊರುತ್ತದೆ. ಇಷ್ಟು ಸಣ್ಣ ವಿಷಯ ನನಗೆ ಎರಡು ವರ್ಷ ಹೊಳೆದಿರಲಿಲ್ಲ.

ಸೊಪ್ಪು ಅಲ್ಲೇ ಮರೆತು ಮನೆಗೆ ಓಡಿದೆ. "ಏನ್ರೀ, ಗುದ್ದು ಬ್ಯಾಡ ಕಣ್ರೀ, ನೂಕು ಸಾಕು" ಎಂದು ಕೂಗಿದ್ದಕ್ಕೆ ಇವರು ಯಾರೋ ಜಗಳವಾಡುತ್ತಿದ್ದಾರೆಂದು ಕೋಲು ತೆಗೆದುಕೊಂಡು ಹೊರಗೆ ಬಂದರು. ಗುಂಡಿನ ತೂಕವನ್ನು ಬೂದ್ಯಪ್ಪ ಕೇಳಿದಷ್ಟೇ ಇಟ್ಟೆ. ಆದರೆ ಅದನ್ನು ಸಣ್ಣಗೆ, ಉದ್ದಕ್ಕೆ ಎಳೆದೆ, ಬೆಂಡೆಕಾಯಿಯ ತುದಿಯ ಹಾಗೆ. ಅಂಥ ಗುಂಡನ್ನು ಗಾಳಿ ಅಷ್ಟು ಸುಲಭವಾಗಿ ತಳ್ಳುವುದಿಲ್ಲ. ಮದ್ದನ್ನು ಹಿಟ್ಟಿನ ಹಾಗಲ್ಲದೆ ದಪ್ಪ ಹರಳಾಗಿ ಬಿಟ್ಟೆ. ಹರಳು ನಿಧಾನ ಉರಿಯುತ್ತದೆ, ಹಾಗಾಗಿ ಕೋವಿ ಹೆಗಲಿಗೆ ಒದೆಯುವುದಿಲ್ಲ, ಒತ್ತುತ್ತದೆ. ಉದ್ದದ ಗುಂಡು ದಾರಿಯಲ್ಲಿ ಮುಗ್ಗರಿಸದೆ ತಿರುಗುತ್ತ ಹೋಗಬೇಕು ಎಂದರೆ ಕೋವಿಯ ನಳಿಗೆಯೊಳಗಿನ ಸುರುಳಿ ಗೆರೆ ಬಿಗಿಯಾಗಿರಬೇಕು, ಅದಕ್ಕೆ ತಕ್ಕ ನಳಿಗೆ ಹುಡುಕಿಸಿದೆ. ಹೊಸ ಅಚ್ಚಿನ ಬುಡದಲ್ಲಿ ಹೊಸ ಮನೆಯ ಗುರುತು ಕೊರೆದೆ: ಎರಡು ಗೀರು, ನಡುವೆ ಒಂದು ಚುಕ್ಕೆ.

ಇಬ್ಬರಿಗೂ ಕೊಟ್ಟು ಹೊಡೆಸಿದೆ. ಬಂಗಾರಿ ಒಂದು ಈಡು ಹೊಡೆದು, ಹೆಗಲು ಮುಟ್ಟಿಕೊಂಡು, "ದೊಡ್ಡಮ್ಮಾ, ಇದು ಹೊಡೀಲಿಲ್ಲ, ಪಕ್ಕಕ್ಕೆ ಸರಿ ಅಂತಷ್ಟೇ ಅಂತು" ಎಂದಳು. ಬೂದ್ಯಪ್ಪ ಹೊಲದಲ್ಲಿ ಒಂದು ಒಂಟಿ ಹಂದಿಯನ್ನು ಅದರಿಂದ ಹೊಡೆದ, ಅದು ನಿಂತಲ್ಲೇ ಒರಗಿತು. ಅವತ್ತು ಬಂದು ಮಜ್ಜಿಗೆ ಕುಡಿದು ಹೋದ. ಶಾಸ್ತ್ರದ ದಿನ ಹತ್ತಿರ ಬರುವವರೆಗೂ ಅವರಿಬ್ಬರೂ ಅಭ್ಯಾಸ ಮಾಡಿದರು. ಆ ಗುರುತಿನ ಒಂದೇ ಒಂದು ಗುಂಡು ನನ್ನ ಪರಾತಕ್ಕೆ ಬೀಳಲಿಲ್ಲ. ಇದಕ್ಕಿಂತ ಒಳ್ಳೆಯ ತೋಟೆಯನ್ನು ನಾನು ಅದಕ್ಕೆ ಹಿಂದೆ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ. ನನಗೆ ಕೊಂಬು ಬಂದಿತ್ತು ಎಂದೇ ಇಟ್ಟುಕೊಳ್ಳಿ.

ನನ್ನ ಗಂಡನಿಗೆ ಮಾತ್ರ ಸಮಾಧಾನವಿಲ್ಲ. "ಬರೀ ಕೆರೆ ನೋಡೋವಾಗ ಹೊಡೆಯೋದು ಬೇರೆ, ಊರೆಲ್ಲ ನೋಡೋವಾಗ ಹೊಡೆಯೋದು ಬೇರೆ. ಇದೇ ಕೊನೇದು ಕಣೇ. ಹುಡುಗಿ ಕೈ ನಡುಗಿದ್ರೆ?" ಎನ್ನುವರು. ಅನ್ನ ಬಡಿಸಿದರೆ ಕಲಸಿಟ್ಟು ಎದ್ದುಹೋಗುವರು. "ನೀವು ಸುಮ್ನೆ ತಿದಿ ಒತ್ತಿ, ಉಳಿದದ್ದು ನನ್ನ ತೋಟೆ ನೋಡ್ಕೊಳ್ತದೆ" ಎಂದು ಗದರಿದೆ.

ಶಾಸ್ತ್ರದ ಎರಡು ಗುಂಡುಗಳನ್ನು ಹಿಂದಿನ ದಿನವೇ ಎರೆಯಬೇಕು. ಅವತ್ತು ತಂಗಿ ಬಂದು ಬಳೆ ತೊಡಿಸುವುದಕ್ಕೆ, ಅಕ್ಕಿ ಆರಿಸುವುದಕ್ಕೆ ಎಂದು ನನ್ನನ್ನು ಎಳೆದುಕೊಂಡು ಹೋದಳು. ವಾಪಸು ಬರುವಷ್ಟರಲ್ಲಿ ಇವರು ಗುಂಡು ಎರೆದು, ಉಜ್ಜಿ, ಬಾಳೆಲೆಯಲ್ಲಿ ಸುತ್ತಿ ಇಟ್ಟಿದ್ದರು. ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. "ತೂಗಿದ್ರಾ?" ಎಂದೆ. "ತೂಗಿದೀನಿ ಮಾರಾಯ್ತಿ, ಅಷ್ಟೂ ನಂಬಿಕೆ ಇಲ್ವಾ?" ಎಂದರು. ತಲೆಗೂದಲು ನೆರೆಯುವವರೆಗೆ ಎರಕ ಹೊಯ್ದ ಗಂಡಸು. ನಾನು ನಂಬಿ ತೋಟೆ ತುಂಬಿದೆ.

ಮಾರನೆಯ ಬೆಳಿಗ್ಗೆ ಕೆರೆಯ ಏರಿಯ ಮೇಲೆ ಊರಿಗೆ ಊರೇ ನೆರೆಯಿತು. ನಮ್ಮ ಗುರಿಕಾರ ಹಾಲಪ್ಪನವರು ಪೇಟ ಸುತ್ತಿಕೊಂಡು ಕಲ್ಲಿನ ಮೇಲೆ ಕೂತರು. ಊರಿನ ಕಟ್ಟುಕಟ್ಟಳೆಗೆಲ್ಲ ಅವರದೇ ಕೊನೆಯ ಮಾತು, ನಕ್ಕದ್ದನ್ನು ನೋಡಿದವರು ಕಡಿಮೆ. ಬೂದ್ಯಪ್ಪ ಮೊದಲು ನಿಂತ. ಗಾಳಿ ಇತ್ತು. ಅವನು ಹೊಡೆದ, ಆಚೆ ದಡದಲ್ಲಿ ಕಾಯಿ ಎರಡು ಹೋಳಾಗಿ ಹಾರಿತು. ಜನ ಹೋ ಎಂದರು. ಆಮೇಲೆ ಹುಲ್ಲಿನ ಹಂದಿಯನ್ನು ಇಳಿಜಾರಿನಲ್ಲಿ ಎಳೆದರು. ಬಂಗಾರಿಯ ಕೈ ನಡುಗಲಿಲ್ಲ. ನಾನು ಅವಳ ಪಕ್ಕದಲ್ಲೇ ಇದ್ದೆ, ಪ್ರಮಾಣ ಮಾಡಿ ಹೇಳಬಲ್ಲೆ. ಹಂದಿಯ ಜೊತೆ ನಳಿಗೆ ಮೆಲ್ಲಗೆ ಸರಿಯಿತು, ಅವಳು ಉಸಿರು ಬಿಟ್ಟಳು, ಈಡು ಹಾರಿತು. ಹುಲ್ಲಿನ ಹಂದಿ ಅಲುಗದೆ ಮುಂದೆ ಹೋಯಿತು. ತಾಗಿತೋ ಇಲ್ಲವೋ ಯಾರಿಗೆ ಗೊತ್ತು. ಕೋವಿ ಇಳಿಸಿದ ಬಂಗಾರಿಯ ಮುಖ ಮಾತ್ರ ನನಗೆ ಹಿಡಿಸಲಿಲ್ಲ.

ಸಂಜೆ ನಮ್ಮ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ತಂಗಿ ಒಂದು ಮೂಲೆಯಲ್ಲಿ ಸೆರಗು ಬಾಯಿಗೆ ಹಿಡಿದು ಕೂತಿದ್ದಳು. ಬೂದ್ಯಪ್ಪ ತೆಂಗಿನ ಮರಕ್ಕೆ ಒರಗಿದ್ದ. ಎಲ್ಲರ ಕಣ್ಣೂ ಪರಾತದ ಮೇಲೆ. ಹೊತ್ತು ಮುಳುಗಿತು. ಮನೆ ಮನೆಯಲ್ಲಿ ದೀಪ ಹತ್ತಿದವು. ಪರಾತ ಖಾಲಿ. ಇನ್ನೂ ಸ್ವಲ್ಪ ಕಾದೆವು, ಖಾಲಿ. ಯಾರೋ ಒಬ್ಬರು "ಬರ್ಲಿಲ್ಲ!" ಎಂದು ಕೂಗಿದ್ದೇ ತಡ, ಹೆಂಗಸರು ಬಂಗಾರಿಯನ್ನು ತಬ್ಬಿಕೊಂಡರು, ನನ್ನ ತಂಗಿ ಗೊಳೋ ಎಂದು ಅತ್ತಳು, ಗುರಿಕಾರರು ಪೇಟ ಸರಿಮಾಡಿಕೊಂಡು ಎದ್ದರು.

ಆಗ ಪಕ್ಕದ ಮನೆಯ ಬಾಗಿಲಿಗೆ ಟಕ್ ಎಂದು ಸದ್ದಾಯಿತು.

ಅಲ್ಲಿ ಯಲ್ಲಜ್ಜಿ ಒಬ್ಬಳೇ ಇರುವುದು. ಅವಳ ಮನೆಯ ಬಾಗಿಲಿಗೆ ಗುಂಡು ಬರುವುದೆಂದರೇನು? ಬೇಲಿಯ ಮೇಲಿಂದ ಇಣುಕಿದೆವು. ಉದ್ದನೆಯ ಗುಂಡೊಂದು ಹೊಸ್ತಿಲಲ್ಲಿ ನಿಂತಿತ್ತು. ಚೌಕಟ್ಟಿನ ಗುರುತನ್ನು ನೋಡುವಂತೆ ಒಂದು ಗಳಿಗೆ ನಿಂತು, ಮೆಟ್ಟಿಲು ಇಳಿದು, ಎದುರು ಮನೆಗೆ ಹೋಯಿತು. ಟಕ್. ಅಲ್ಲೂ ನಿಂತು, ಅಲ್ಲಿಂದ ಅದರ ಮುಂದಿನ ಮನೆಗೆ. ಟಕ್. ನಮ್ಮೂರಿನಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ನಾನು ತಿರುಗಿ ನನ್ನ ಗಂಡನ ಮುಖ ನೋಡಿದೆ. ಹುಳ್ಳಗಾಗಿತ್ತು.

ಮೊದಲು ಬಾಯಿ ಬಿಟ್ಟವಳು ಯಲ್ಲಜ್ಜಿ. "ಅದು ನಂದು ಕಣ್ರೋ! ಬೆಳಿಗ್ಗೆ ಕಾಗೆಗೆ ಹೊಡೆದಿದ್ದೆ, ತಪ್ಪೋಯ್ತು" ಎಂದು ಕೋಲೂರಿಕೊಂಡು ಬೀದಿಗೆ ಬಂದಳು. ಯಲ್ಲಜ್ಜಿಯ ಮನೆಯಲ್ಲಿ ಕೋವಿಯೇ ಇಲ್ಲ. ಬಗ್ಗಿ ಗುಂಡನ್ನು ಹಿಡಿದು ಎಲೆಅಡಿಕೆ ಚೀಲಕ್ಕೆ ಹಾಕಿ ದಾರ ಬಿಗಿದಳು. ಗುಂಡು ಚೀಲದಿಂದ ನುಸುಳಿ ಹೊರಬಿದ್ದು ಮತ್ತೆ ಹೊರಟಿತು. "ಅಜ್ಜಿ ಸುಳ್ಳು ಹೇಳ್ತಾಳೆ, ಅದು ನಂದು" ಎಂದು ಎದುರು ಮನೆಯವನು ಅದರ ಮೇಲೆ ಬುಟ್ಟಿ ಕವುಚಿದ. ಬುಟ್ಟಿ ಸಮೇತ ಹೋಯಿತು. "ನಂದು", "ಅಲ್ಲ, ನಂದು" ಎಂದು ಬೀದಿಯ ತುಂಬ ಕೂಗು. ಗುರಿ ತಪ್ಪಿದ್ದನ್ನು ಹೆಂಡತಿಗೂ ಹೇಳದೆ ಮುಚ್ಚಿಡುವ ಗಂಡಸರು ಅವತ್ತು ನಾನು ತಪ್ಪಿದೆ, ನಾನು ತಪ್ಪಿದೆ ಎಂದು ಎದೆ ಬಡಿದುಕೊಂಡು ಅದರ ಹಿಂದೆ ಓಡಿದರು. ನನಗೆ ನಗು ಬಂತು. ಈ ಊರನ್ನು ನಾನು ಎಷ್ಟು ಬೈದುಕೊಂಡಿದ್ದೇನೋ ಅಷ್ಟನ್ನೂ ಅವತ್ತು ಮನಸ್ಸಿನಲ್ಲೇ ವಾಪಸು ತೆಗೆದುಕೊಂಡೆ. ಅಷ್ಟರಲ್ಲಿ ಬೀದಿಯ ತುದಿಯಿಂದ ಗುರಿಕಾರರ ಹೆಂಡತಿಯ ದನಿ ಕೇಳಿತು: "ಏನ್ರೀ, ಯಾರದೋ ಗುಂಡು ನಮ್ಮ ಬಾಗ್ಲು ಬಡೀತಾ ಐತೆ!"

ಅಲ್ಲಿಂದ ಅದು ತಿರುಗಿ ಬರುವಾಗ ಬಂಗಾರಿ ಬೀದಿಯ ನಡುವೆ ಕೂತು ಅಂಗೈ ನೆಲಕ್ಕೆ ಇಟ್ಟಳು. "ಬಾ" ಎಂದಳು. ಗುಂಡು ಅವಳ ಅಂಗೈಗೆ ಹತ್ತಿತು. ನಿಂತಿತು, ಆದರೆ ಸುಮ್ಮನಾಗಲಿಲ್ಲ, ಮುಷ್ಟಿಯೊಳಗೆ ಗುಬ್ಬಿಮರಿಯಂತೆ ಮಿಸುಕುತ್ತಿತ್ತು. "ಇದು ನಂದೇ ಗುರಿಕಾರ್ರೇ. ನಾನು ಹೊಡೆದದ್ದು. ತಪ್ಪಿದ್ದೂ ನಾನೇ. ಯಾರೂ ಸುಳ್ಳು ಹೇಳೋದು ಬ್ಯಾಡ" ಎಂದು ಅದನ್ನು ನನ್ನ ಕೈಗೆ ಕೊಟ್ಟಳು.

ಕೈಗೆ ಬಿದ್ದ ತಕ್ಷಣ ನನಗೆ ಗೊತ್ತಾಯಿತು. ತಕ್ಕಡಿಯೇನೂ ಬೇಕಾಗಲಿಲ್ಲ. ಗುಂಡು ಹಗುರವಾಗಿತ್ತು. ಒಳಗೆ ಎಲ್ಲೋ ಒಂದು ಕಡೆ ಗುಳ್ಳೆ. ಅಂಥ ಗುಂಡು ತಿರುಗುವಾಗ ಒಂದು ಮಗ್ಗುಲಿಗೆ ವಾಲುತ್ತದೆ, ಯಾರು ಹೊಡೆದರೂ ತಪ್ಪುತ್ತದೆ. ಅಚ್ಚು ತಣ್ಣಗಿದ್ದಾಗ, ಬಯಲು ಗಾಳಿಯಲ್ಲಿ ಎರೆದಾಗ ಮಾತ್ರ ಹೀಗಾಗುವುದು. ಬೂದ್ಯಪ್ಪನ ಗುಂಡು ಅದೃಷ್ಟಕ್ಕೆ ಗಟ್ಟಿಯಾಗಿ ಬಂದಿರಬೇಕು, ಇವರು ತೂಗಿದೀನಿ ಎಂದದ್ದು ಸುಳ್ಳು. ನಮ್ಮ ಕುಲುಮೆಯಲ್ಲಿ ಹಾಗಾಗುವ ಸಂಭವವೇ ಇಲ್ಲ.

ಗುರಿಕಾರರು, "ಚೌಡಪ್ಪಾ, ಇದನ್ನ ಎಲ್ಲಿ ಎರೆದೆ?" ಎಂದು ಕೇಳಿದರು. ಅವರೇನೂ ದಡ್ಡರಲ್ಲ.

ನನ್ನ ಗಂಡ ತಲೆ ತಗ್ಗಿಸಿ ಹೇಳಿದರು. "ಹೊಳೆ ಬಂಡೆ ಮೇಲೆ, ಗುರಿಕಾರ್ರೇ. ಮೂರು ಕಲ್ಲು ಹೂಡಿ ಎರೆದೆ. ಮನೇಲಿ ಎರೆದ್ರಲ್ವಾ ಮನೆಗೆ ಬರೋದು? ಬಂಡೆ ಮೇಲೆ ಎರೆದ್ರೆ ತಪ್ಪಿದ್ರೂ ವಾಪಸು ಬರೋಕೆ ಜಾಗ ಇರಲ್ಲ, ಮಕ್ಕಳ ಮದುವೆ ಆಗಿಹೋಗ್ತದೆ ಅಂದ್ಕೊಂಡೆ. ಇದು ಹಿಂಗೆ ಮನೆ ಮನೆ ತಿರುಗ್ತದೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?" ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಹಾಕಿದರು. ಅಷ್ಟು ದೊಡ್ಡ ಮೀಸೆಯ ಮನುಷ್ಯ.

ಗುಂಡಿನಲ್ಲಿ ಗುಳ್ಳೆ ಇದೆ ಎಂದು ನಾನು ಅಲ್ಲೇ ಕೂಗಿ ಹೇಳಬಹುದಿತ್ತು. ಹೇಳಿದ್ದರೆ ನನ್ನ ತೋಟೆಯ ಮಾನ ಉಳಿಯುತ್ತಿತ್ತು, ಅಷ್ಟು ವರ್ಷ ಪಟ್ಟ ಪಾಡಿಗೆ ಒಂದು ಬೆಲೆ ಬರುತ್ತಿತ್ತು. ಆದರೆ ಮಕ್ಕಳ ಮದುವೆಗೆಂದು ಬಂಡೆಯ ಮೇಲೆ ಮೂರು ಕಲ್ಲು ಹೂಡಿ ಊದಿ ಊದಿ ಬೆಂಕಿ ಮಾಡಿದ ಮನುಷ್ಯನಿಗೆ, ಆ ಮದುವೆ ತಪ್ಪಿದ್ದೇ ನಿನ್ನಿಂದ ಎಂದು ನಾಲ್ಕು ಜನರ ಎದುರು ಹೇಗೆ ಹೇಳಲಿ? ನಾಲಗೆ ಕಚ್ಚಿಕೊಂಡೆ. ಹಿಂದಿನಿಂದ ಯಾರೋ, "ಲಿಂಗಕ್ಕನ ತೋಟೆನೂ ಕೈ ಕೊಡ್ತಲ್ಲ" ಎಂದದ್ದು ಕೇಳಿಸಿತು. ಅದನ್ನೂ ನುಂಗಿದೆ.

"ತಪ್ಪಿದ್ದು ತಪ್ಪೇ" ಎಂದರು ಗುರಿಕಾರರು. "ಇದು ಮೂರನೇ ಸಲ. ಕಟ್ಟು ಅಂದ್ಮೇಲೆ ಕಟ್ಟು. ಇಬ್ರೂ ಬೇರೆ ಕಡೆ..." ಮಾತು ಮುಗಿಯುವ ಮೊದಲೇ ಗುಂಡು ನನ್ನ ಬೆರಳ ಸಂದಿಯಿಂದ ಜಾರಿ, ನೆಲಕ್ಕೆ ಬಿದ್ದು, ಸೀದಾ ಮತ್ತೆ ಗುರಿಕಾರರ ಮನೆಯ ಕಡೆ ಉರುಳಿತು. ಟಕ್. "ಅಯ್ಯೋ, ಮತ್ತೆ ಬಂತು!" ಎಂದು ಒಳಗಿನಿಂದ ಕೂಗು.

ಗುರಿಕಾರರು ನನ್ನ ಕಡೆ ತಿರುಗಿದರು. "ಲಿಂಗಮ್ಮಾ, ಇದನ್ನ ಕೆರೆಗೆ ಹಾಕಿದ್ರೆ?"

"ಒದ್ದೆಯಾಗಿ ಬರ್ತದೆ" ಎಂದೆ.

"ಕರಗಿಸಿದ್ರೆ?"

"ಯಾರ ಮನೆ ಒಲೇಲಿ ಕರಗಿಸ್ತೀರಿ? ಅದರ ಮೇಲೆ ಇರೋದು ಇವರಿಬ್ಬರ ಮನೆ ಗುರುತು. ಇನ್ನೊಬ್ಬರ ಗುರುತಿನ ಸೀಸ ನಮ್ಮಲ್ಲಿ ಯಾರಾದ್ರೂ ಕರಗಿಸಿದ್ದುಂಟಾ? ಹುಟ್ಟಿದ ಮನೆ ಅಂತ ಅದಕ್ಕೊಂದಿಲ್ಲ ಗುರಿಕಾರ್ರೇ. ಅದಕ್ಕೆ ಗೊತ್ತಿರೋದು ತನ್ನ ಬುಡದಲ್ಲಿರೋ ಗುರುತೊಂದೇ. ಆ ಗುರುತಿನ ಬಾಗಿಲು ಹುಡುಕ್ತಾ ಐತೆ, ಆ ಬಾಗಿಲು ಊರಲ್ಲೇ ಇಲ್ಲ. ನಾಳೆ ಸಂಜೆನೂ ಹುಡುಕ್ತದೆ, ನಾಡಿದ್ದೂ ಹುಡುಕ್ತದೆ. ನಿಮ್ಮ ಮನೆ ಬಾಗ್ಲು ಅದಕ್ಕೆ ಚೆನ್ನಾಗಿ ಹಿಡಿಸಿದ ಹಂಗೆ ಕಾಣ್ತದೆ."

ಟಕ್ ಎಂದು ಮತ್ತೊಮ್ಮೆ ಸದ್ದಾಯಿತು. ಗುರಿಕಾರರು ಜಗಲಿಯ ಮೇಲೆ ಕೂತು, ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಬೂದ್ಯಪ್ಪನನ್ನು ಕರೆದು, "ನಿನ್ನ ಮನೆ ಮಾಡು ಮುಗೀತೇನೋ?" ಎಂದರು.

"ಮುಗೀತು. ಬಾಗ್ಲಿಗೆ ಗುರುತೊಂದು ಕೆತ್ತೋದು ಬಾಕಿ."

"ಹಂಗಾದ್ರೆ ಬೆಳಿಗ್ಗೆ ಎದ್ದು ಬಡಗಿನ ಕರೆಸು. ಕೆತ್ತಿಸು." ಎಲ್ಲರೂ ಬಾಯಿ ತೆರೆದುಕೊಂಡು ನೋಡಿದೆವು. ಗುರಿಕಾರರು ಯಾರ ಮುಖವನ್ನೂ ನೋಡದೆ ಮುಂದುವರಿಸಿದರು: "ಈ ಊರಲ್ಲಿ ಮದುವೆ ಆಗದೆ ಬಾಗ್ಲಿಗೆ ಗುರುತು ಕೆತ್ತೋ ಹಂಗಿಲ್ಲ. ಅದೂ ಕಟ್ಟೇ. ಅದಕ್ಕೆ ನಾನೇನೂ ಮಾಡೋ ಹಂಗಿಲ್ಲ. ಮೊದ್ಲು ಮದುವೆ ಮಾಡ್ಕೊಳ್ರಿ, ಆಮೇಲೆ ಕೆತ್ತಿಸ್ರಿ. ಎರಡು ಕಟ್ಟಲ್ಲಿ ಯಾವುದೋ ಒಂದು ಮುರೀಬೇಕು ಅಂದ್ರೆ, ನಂಗೆ ನಿದ್ದೆ ಕೊಡೋದನ್ನ ಉಳಿಸ್ಕೋತೀನಿ." ಅವರು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ.

ಮಾರನೆಯ ದಿನ ಮದುವೆಯ ಸೀರೆ ಉಡಿಸುವಾಗ ನಾನು ಬಂಗಾರಿಗೆ ಒಬ್ಬಳಿಗೇ ಗುಳ್ಳೆಯ ವಿಷಯ ಹೇಳಿದೆ. ಅವಳ ಕೈ ತಪ್ಪಲಿಲ್ಲ, ಕಣ್ಣೂ ತಪ್ಪಲಿಲ್ಲ ಎಂದು ಅವಳಿಗಾದರೂ ತಿಳಿದಿರಲಿ ಎನ್ನಿಸಿತು. ಪಂದ್ಯದಲ್ಲಿ ಸೋಲು ಕಂಡಿರದ ಹುಡುಗಿ, ಮದುವೆಯ ಈಡು ತಪ್ಪಿದವಳು ಎಂದು ಜೀವಮಾನವಿಡೀ ಊರು ಆಡಿಕೊಳ್ಳುತ್ತದೆ. ಅವಳು ನೆರಿಗೆ ಹಿಡಿದುಕೊಂಡೇ ನಕ್ಕುಬಿಟ್ಟಳು. "ದೊಡ್ಡಪ್ಪಂಗೆ ಹೇಳ್ಬ್ಯಾಡ ದೊಡ್ಡಮ್ಮಾ. ನಾನೇ ತಪ್ಪಿದ್ದು ಅಂತಿರ್ಲಿ. ನಂಗೇನು, ಇನ್ನೂ ಎಷ್ಟೋ ಪಂದ್ಯ ಐತೆ" ಎಂದಳು. ನಾನು ಅವಳ ನೆತ್ತಿಗೆ ಮುತ್ತು ಕೊಟ್ಟು, ಕಣ್ಣೊರೆಸಿಕೊಂಡು, ಸೆರಗಿಗೆ ಪಿನ್ನು ಚುಚ್ಚಿದೆ.

ಮಧ್ಯಾಹ್ನ ಗುರುತು ಕೆತ್ತಿದರು. ಸಂಜೆ ಗುಂಡು ಎಲ್ಲಿಯೂ ನಿಲ್ಲದೆ ಕೆರೆಯ ಕೆಳಗಿನ ದಾರಿ ಹಿಡಿಯಿತು. ಹಿಂದೆ ಅರ್ಧ ಊರು. ಹೊಸ ಬಾಗಿಲಿಗೆ ಒಂದು ಸಲ ಬಡಿದು, ನಾನು ಅಲ್ಲಿ ತಂದಿಟ್ಟಿದ್ದ ಪರಾತಕ್ಕೆ ಬಿದ್ದು, ಸುಮ್ಮನಾಯಿತು. ಮತ್ತೆ ಅದು ಅಲುಗಲಿಲ್ಲ.

ಇದೆಲ್ಲ ಆಗಿ ಬಹಳ ಕಾಲವಾಯಿತು. ಬಂಗಾರಿ ಆಮೇಲೆ ಎಲ್ಲ ಪಂದ್ಯಗಳನ್ನೂ ಗೆದ್ದಳು, ಅದೇ ತೋಟೆಯಿಂದ. ನನ್ನ ಗಂಡನಿಗೆ ಮಾತ್ರ ಆ ದಿನದಿಂದ ನೆಲವೇ ಕಾಣುತ್ತಿಲ್ಲ. ಯಾವುದೇ ಮದುವೆ ಮನೆಗೆ ಹೋಗಲಿ, ಪಂಕ್ತಿಯಲ್ಲಿ ಕೂತು, ಪಕ್ಕದವರು ಕೇಳಲಿ ಬಿಡಲಿ, ಮೀಸೆ ತಿರುವುತ್ತ ಹೇಳುತ್ತಾರೆ: "ಅವತ್ತು ನಾನು ಉಪಾಯ ಮಾಡಿ ಹೊಳೆ ಬಂಡೆ ಮೇಲೆ ಎರೆಯದೆ ಇದ್ದಿದ್ರೆ ಈ ಹುಡುಗಿ ಮದುವೆ ಆಗ್ತಿತ್ತಾ ಹೇಳಿ? ಇವಳ ತೋಟೆ ನಂಬ್ಕೊಂಡಿದ್ರೆ ಆಗಿತ್ತು ಕತೆ." ಬಡಿಸುತ್ತ ಬಂದ ಬಂಗಾರಿ ನನ್ನ ಮುಖ ನೋಡುತ್ತಾಳೆ, ನಾನು ಅವಳ ಮುಖ ನೋಡುತ್ತೇನೆ. ಅವಳು ದೊಡ್ಡಪ್ಪನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿಯುತ್ತಾಳೆ.

"ಹೌದೋ ಅಲ್ವೋ, ನೀನೇ ಹೇಳೇ" ಎಂದು ಇವರು ನನ್ನ ಕಡೆ ತಿರುಗುತ್ತಾರೆ.

"ಹೌದು ಕಣ್ರೀ" ಎನ್ನುತ್ತೇನೆ.